ಸದರಿ ನನ್ನ ಮಗನಿಗೆ ಈಜು ಬರುವುದಿಲ್ಲ

ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸುವವನಿಗೆ ನೀರಿನ ಕಾಟ ತಪ್ಪುವುದಿಲ್ಲ. ತರಬೇತಿಯಲ್ಲಿ ನಮ್ಮನ್ನು ಡಬ್ಬಿಯಂಥ ಕೋಣೆಯಲ್ಲಿ ಬೆಲ್ಟು ಬಿಗಿದು ಕೂರಿಸಿ, ಕೊಳದಲ್ಲಿ ಮುಳುಗಿಸಿ, ತಲೆಕೆಳಗು ಮಾಡಿ, ಈಗ ಹೊರಗೆ ಬಾ ಎನ್ನುತ್ತಾರೆ. ಇದನ್ನು ನಾನು ಶಹಾಪುರದ ಮನೆಯಲ್ಲಿ ಯಾವತ್ತೂ ಹೇಳಲಿಲ್ಲ. "ನಮ್ದೇನಿದ್ರೂ ಮ್ಯಾಲಿನ ಕೆಲಸ, ಯವ್ವಾ. ನೀರಿಗೂ ನಮಗೂ ಸಂಬಂಧ ಇಲ್ಲ," ಎಂದು ಅವ್ವನನ್ನು ನಂಬಿಸಿದ್ದೆ.

ಕಾರಣವಿತ್ತು. ಹತ್ತು ವರ್ಷದವನಿದ್ದಾಗ ನಾರಾಯಣಪುರದಿಂದ ಬರುವ ಕಾಲುವೆಗೆ ಬಿದ್ದಿದ್ದೆ. ಎಮ್ಮೆ ತೊಳೆಯುತ್ತಿದ್ದವರು ಕೂದಲು ಹಿಡಿದು ದಂಡೆಗೆ ಎಳೆದು ಹಾಕಿದರು. ಅವ್ವ ಮೊದಲು ಅತ್ತಳು, ಆಮೇಲೆ ಹೊಡೆದಳು, ಕೊನೆಗೆ ತನ್ನ ತಲೆ ಮುಟ್ಟಿಸಿ, ಇನ್ನು ನೀರಿಗಿಳಿಯುವುದಿಲ್ಲ ಎಂದು ಆಣೆ ಮಾಡಿಸಿಕೊಂಡಳು. ಅಂಥ ಆಣೆ ಮಾಡಿದವನು ಹೋಗಿ ಸೇರಿದ್ದು ನೌಕಾಪಡೆಗೆ. ಅವ್ವನಿಗೆ ನಿಜ ಹೇಳುವುದಕ್ಕಿಂತ ತಲೆಕೆಳಗಾಗಿ ಮುಳುಗುವುದೇ ನನಗೆ ಸುಲಭವೆನಿಸಿತು. ನಡುನಡುವೆ ಹಡಗುಗಳ ಮೇಲೆ ಕಳೆದ ವರ್ಷಗಳ ಸುದ್ದಿಯನ್ನೂ ನುಂಗಿಕೊಂಡೆ.

ಕಡೆಗೊಂದು ದಿನ ನನಗೇ ಒಂದು ಹಡಗಿನ ಕಮಾಂಡ್ ಸಿಕ್ಕಿತು. ಪೈಲಟ್ ಆದವನಿಗೆ ಇದು ಸಣ್ಣ ಮಾತಲ್ಲ. ಖುಷಿ ತಡೆಯಲಾರದೆ ಫೋನಿನಲ್ಲಿ ಬಾಯಿಬಿಟ್ಟೆ.

"ಏನ್ ತಪ್ಪು ಮಾಡೀದಿ?" ಎಂದಳು ಅವ್ವ. "ಆಕಾಶದಾಗ ಇದ್ದವನ್ನ ನೀರಿಗೆ ಹಾಕ್ಯಾರಲ್ಲ!"

ನಮ್ಮ ಕಡೆ ವರ್ಗಾವಣೆಯ ಆದೇಶವೆಂದರೆ ಅದು ಮಾತುಕತೆಯ ಆರಂಭ, ಅಷ್ಟೇ. ಮಾಸ್ತರನನ್ನು ಸುರಪುರದಾಚೆ ಹಾಕಲಿ, ಲೈನ್‌ಮನ್‌ನನ್ನು ಯಾದಗಿರಿಗೆ ಹಾಕಲಿ, ಒಂದು ಅರ್ಜಿ, ಒಂದಿಷ್ಟು ವಶೀಲಿ ಹಚ್ಚಿದರೆ ಆದೇಶ ತಿರುಗುತ್ತದೆಂಬ ನಂಬಿಕೆ ಎಲ್ಲರಿಗೂ ಇದೆ. ಅಧಿಕಾರ ವಹಿಸಿಕೊಳ್ಳುವ ಮುಂಚೆ ರಜೆಗೆಂದು ಊರಿಗೆ ಬಂದರೆ, ತಾಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವ ಕಾಕಾ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಓಣಿಯ ಅರ್ಧ ಮಂದಿ ಆಗಲೇ ಸಹಿ ಹಾಕಿದ್ದರು.

"ಬರ್ರಿ ಸಾಹೇಬ್ರ, ಬರೋಬ್ಬರಿ ಟೈಮಿಗೆ ಬಂದ್ರಿ," ಎಂದು ಕಾಕಾ ಪೆನ್ನು ಚಾಚಿದರು. "ನೀವೂ ಒಂದು ಸಹಿ ಹಾಕ್ರಿ."

ಓದಿದೆ. "ವಿಷಯ: ನನ್ನ ಮಗನನ್ನು ಹಡಗಿನಿಂದ ಬಿಡಿಸಿ ಪುನಃ ವಿಮಾನಕ್ಕೆ ಹಾಕುವ ಕುರಿತು. ಮಾನ್ಯರೇ, ಸದರಿ ನನ್ನ ಮಗನಿಗೆ ಈಜು ಬರುವುದಿಲ್ಲ. ನಾಚಿಕೆಯಿಂದ ಈ ಸಂಗತಿಯನ್ನು ತಮ್ಮಲ್ಲಿ ಮುಚ್ಚಿಟ್ಟಿರುತ್ತಾನೆ." ಮೂಲ ಪ್ರತಿ ನೌಕಾಪಡೆಯ ಮುಖ್ಯಸ್ಥರಿಗೆ. ಇನ್ನೊಂದು, ಯಾವುದಕ್ಕೂ ಇರಲಿ ಎಂದು, ಯಾದಗಿರಿಯ ಜಿಲ್ಲಾಧಿಕಾರಿಗಳಿಗೆ.

ಈ ಕಾಗದ ಅಂಚೆಗೆ ಬಿದ್ದರೆ ಹಡಗು ಕೈತಪ್ಪದೆ ಇರಬಹುದು, ಆದರೆ ಅದರ ಮೇಲೆ ನನ್ನ ಮಾತಿಗೆ ನಗದೆ ನಿಲ್ಲುವವರು ಒಬ್ಬರೂ ಇರುತ್ತಿರಲಿಲ್ಲ.

"ಯವ್ವಾ, ನನಗ ಈಜು ಬರ್ತದ."

"ಬಾಯಿಲೆ ಯಾರಿಗರೆ ಬರ್ತದ. ಮಾಡಿ ತೋರ್ಸು."

ಹೀಗೆ, ಮಾರನೆಯ ಬೆಳಿಗ್ಗೆ ಇಡೀ ಓಣಿಯ ಎದುರು ನಾನು ಚಡ್ಡಿಯಲ್ಲಿ ಕಾಲುವೆಯ ದಂಡೆಯ ಮೇಲೆ ನಿಂತೆ. ಅವ್ವ ಹತ್ತಿ ಮೂಟೆಗೆ ಕಟ್ಟುವ ಹಗ್ಗ ತರಿಸಿ ನನ್ನ ಸೊಂಟಕ್ಕೆ ಬಿಗಿಸಿದ್ದಳು. ತುದಿ ಕಾಕಾನ ಕೈಯಲ್ಲಿ. ಇಳಿದೆ, ಹಾಯಾಗಿ ಈಜುತ್ತ ನಡುನೀರಿಗೆ ಹೋದೆ. ಇಷ್ಟು ಸಾಕು ಎಂದುಕೊಳ್ಳದೆ ಶೋಕಿಗೆಂದು ಒಂದು ಮುಳುಗು ಹಾಕಿದೆ. ಅವ್ವ ಚೀರಿದಳು, ಮಂದಿ ಹಗ್ಗ ಜಗ್ಗಿದರು. ಬಾಯಿ, ಮೂಗು, ಕಿವಿಗಳಲ್ಲೆಲ್ಲ ನೀರು ಹೊಕ್ಕು, ಬೆನ್ನು ಮುಂದಾಗಿ ದಂಡೆಗೆ ಬಂದು ಬಿದ್ದೆ. ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ನಿಜಕ್ಕೂ ಸಾವಿಗೆ ಹತ್ತಿರ ಹೋದದ್ದು ಅಂದೇ.

"ಬರ್ತದ್ರಿ, ಖರೇನ ಬರ್ತದ," ಎಂದು ಕಾಕಾ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮಂದಿ ನಗುತ್ತ ಮನೆಗೆ ಹೋದರು. ಅವ್ವ ಮಾತ್ರ ನಗಲಿಲ್ಲ.

"ಯಾವಾಗ ಕಲ್ತಿ?"

"ಸೇರಿದ ವರ್ಷನೇ."

"ಹಂಗಾರ ಇಷ್ಟು ವರ್ಷ ನಾ ಒಬ್ಬಾಕಿನೇ ಸುಮ್ಮ ಅಂಜಿದ್ನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ನನ್ನ ಮೇಲೇ ಸಿಟ್ಟು ಬಂತು. ಸೀರೆಯ ಸೆರಗಿನಿಂದ ನನ್ನ ತಲೆ ಒರೆಸುತ್ತ ಅವಳು ಕೇಳಿದಳು: "ಆ ಹಡಗಿನ್ಯಾಗ ಉಳದವರಿಗೆಲ್ಲ ಬರ್ತದೇನು?"

"ಬರಲೇಬೇಕವ್ವ, ಅದು ಕಾಯ್ದೆ."

"ನೀ ಕಣ್ಣಿಲೆ ನೋಡೀಯೇನು?"

ನೋಡಿರಲಿಲ್ಲ.

ಹಡಗು ವಹಿಸಿಕೊಂಡೆ. ಹೆಲಿಕಾಪ್ಟರ್ ಕೈ ಅಲುಗಿದರೆ ಸಾಕು, ತಿರುಗುತ್ತದೆ. ಹಡಗಿಗೆ ನಾನು ಹೇಳಬೇಕು, ಇನ್ನೊಬ್ಬ ಅದನ್ನೇ ಜೋರಾಗಿ ಹೇಳಿ ಚುಕ್ಕಾಣಿ ತಿರುಗಿಸಬೇಕು, ಆಮೇಲೆ ಹಡಗು ನಮ್ಮ ಸರ್ಕಾರಿ ಕಚೇರಿಯ ಫೈಲಿನಂತೆ ಕೊಂಚ ಹೊತ್ತು ಯೋಚಿಸಿ ಮೆಲ್ಲಗೆ ಹೊರಳುತ್ತದೆ. ಮೊದಲ ವಾರ ಅವಸರಪಟ್ಟು ಎಲ್ಲರ ತಲೆ ತಿಂದೆ. ಎರಡನೆಯ ವಾರ ಎಲ್ಲರನ್ನೂ ಬಂದರಿನ ಈಜುಕೊಳಕ್ಕೆ ಕರೆದೊಯ್ದು ನೀರಿಗಿಳಿಯಿರಿ ಎಂದೆ. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಕಾಗದಪತ್ರದಲ್ಲಿ ಎಲ್ಲರೂ ಪಾಸಾದವರೇ.

ಒಬ್ಬ ಗೋಡೆ ಬಿಡಲಿಲ್ಲ. ನಡುವಯಸ್ಸಿನ ಅಡುಗೆಯವ. ಎರಡೂ ಕೈಯಲ್ಲಿ ಅಂಚು ಹಿಡಿದು ನನ್ನನ್ನೇ ನೋಡುತ್ತ ನಿಂತ. ಅವನ ಮುಖ ನೋಡಿ, ಕಮಾಂಡ್ ಸಿಕ್ಕ ಮೇಲೆ ಮೊದಲ ಸಲ ನನಗೆ ಹೆದರಿಕೆಯಾಯಿತು.

ಸಂಜೆ ಅವ್ವನಿಗೆ ಫೋನ್ ಮಾಡಿ ಇದನ್ನು ತಮಾಷೆಯೆಂಬಂತೆ ಹೇಳಿದೆ. ಅವಳು ನಗಲಿಲ್ಲ.

"ಅವನ ಅವ್ವ ಅದಾಳೇನು?"

"ಅದಾಳಂತ."

"ಆಕಿಗೆ ಹೇಳಬ್ಯಾಡ," ಎಂದಳು ಅವ್ವ. "ಮೊದಲ ಅವನಿಗೆ ಈಜು ಕಲಿಸು."