ಹೆಣ ತೊಳೆದ ಕೈಗೆ ಏಳು ದಿನದ ಕಟ್ಟಳೆ

ಬೆಳಗಿನ ಐದೂವರೆ. ಕುಲಗೋಡದ ಒಂದು ಮನೆಯ ಹಿತ್ತಿಲಲ್ಲಿ ಗುಡ್ಡವ್ವ ಹೆಣ ತೊಳೆಯುತ್ತಿದ್ದಾರೆ.

ರಾತ್ರಿ ತೀರಿಕೊಂಡ ಮುದುಕಿಯ ಮುಷ್ಟಿ ಬಿಗಿದುಕೊಂಡಿದೆ. ಗುಡ್ಡವ್ವ ಅದಕ್ಕೆ ಬಿಸಿನೀರಿನ ಅರಿವೆ ಸುತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. "ಕೈ ಸಡ್ಲ ಬಿಡ ಯಕ್ಕಾ. ಇನ್ನ ಯಾರ ಜೋಡಿ ಜಗಳಾಡಾಕಿ?" ಮರೆಗೆ ಸೀರೆ ಹಿಡಿದು ನಿಂತ ಸೊಸೆ ಅಳುತ್ತಲೇ ನಗುತ್ತಾಳೆ: "ನನ್ನ ಜೋಡೀನ ಆಡ್ತಾಳ್ರಿ, ಬಿಡಾಕಿ ಅಲ್ಲ."

ಗೋಕಾಕ ಫಾಲ್ಸ್‌ನ ಗುಡ್ಡವ್ವ ಈ ಕೆಲಸ ಕಲಿತದ್ದು ಅತ್ತೆ ಲಗಮವ್ವನಿಂದ. ಹುಕ್ಕೇರಿಯಿಂದ ಮೂಡಲಗಿವರೆಗೆ ಕ್ರೈಸ್ತರ ಮನೆಯಲ್ಲಿ ಹೆಣ್ಣುಮಗಳು ಸತ್ತರೆ ಇವರಿಗೇ ಫೋನು ಬರುತ್ತದೆ. ಮೈ ತೊಳೆದು, ತಲೆ ಬಾಚಿ, ಬಿಳಿ ಸೀರೆ ಉಡಿಸಿ, ಪೆಟ್ಟಿಗೆಗೆ ಇಳಿಸಿಯೇ ಇವರು ಬಸ್ ಹಿಡಿಯುವುದು. "ಚಾ ಕೊಡ್ತಾರ್ರಿ. ಕಪ್ಪು-ಬಸಿ ಮಾತ್ರ ನನಗಂತ ಹೊರಗ ಇಟ್ಟದ್ದು," ಎನ್ನುತ್ತಾರೆ.

ಈ ಮಳೆಗಾಲದಿಂದ ಗುಡ್ಡವ್ವನೂ ಹೊರಗೆ. ಅವರು ಹೋಗುವ ಚರ್ಚಿನ ಸಭೆಯ ಹಿರಿಯ ಕಿಶೋರ, ಚರ್ಚ್ ಕಮಿಟಿಯ ಮುಂದೆ ಮೋಶೆಯ ಧರ್ಮಶಾಸ್ತ್ರ ತೆರೆದಿಟ್ಟರು. ಹೆಣ ಮುಟ್ಟಿದವರು ಏಳು ದಿನ ಅಶುದ್ಧರು. ಆದ್ದರಿಂದ ಗುಡ್ಡವ್ವ ಅಷ್ಟು ದಿನ ಆರಾಧನೆಗೆ ಬಂದರೂ ಚರ್ಚಿನ ಪಡಸಾಲೆಯಲ್ಲೇ ಕೂರಬೇಕು.

"ಏಳ ದಿನ ಮುಗಿಯೂದ್ರಾಗ ಮತ್ತೊಬ್ರು ಸಾಯ್ತಾರ್ರಿ. ನಾ ಏನ್ ಅವರಿಗೆ, ತಡೀರಿ, ಐತವಾರ ಆಗಲಿ ಅನ್ಲಿ?"

ಕಿಶೋರ ತೋರಿಸಿದ ಅಧ್ಯಾಯದಲ್ಲಿ ಇನ್ನೊಂದು ಮಾತೂ ಇದೆ. ಹೆಣವಿದ್ದ ಡೇರೆಯೊಳಗೆ ಕಾಲಿಟ್ಟವರೆಲ್ಲ ಏಳು ದಿನ ಅಶುದ್ಧರೇ. ಕುಲಗೋಡದ ಮುದುಕಿಯ ಹೆಣದ ತಲೆಯ ಬಳಿ ಕೂತು ಪ್ರಾರ್ಥನೆ ಮಾಡಿದವರು ಇದೇ ಕಿಶೋರ. ಮುಂದಿನ ಐತವಾರ ಅವರು ಮೊದಲ ಸಾಲಿನಲ್ಲಿದ್ದರು. ಕೇಳಿದರೆ, "ಮುಟ್ಟೂದು ಬ್ಯಾರೆ, ಕುಂದ್ರೂದು ಬ್ಯಾರೆ" ಎಂಬ ಉತ್ತರ. ಗ್ರಂಥದಲ್ಲಿ ಈ ವ್ಯತ್ಯಾಸ ಇಲ್ಲ.

ಧರ್ಮಶಾಸ್ತ್ರ ಇರುವುದಾದರೂ ಯಾತಕ್ಕೆ? ಸಭೆಯ ಪಾಸ್ಟರ್ ಸುಶಾಂತ ತಡವರಿಸದೆ ಹೇಳುತ್ತಾರೆ: "ಶುದ್ಧ-ಅಶುದ್ಧದ ಕಟ್ಟಳಿ ಕ್ರಿಸ್ತನೊಳಗ ಪೂರ್ತಿ ಆದುವ್ರಿ. ಧರ್ಮಶಾಸ್ತ್ರ ನನ್ನ ತಪ್ಪು ನನಗ ತೋರಿಸಿ, ಆತನ ಕಡೆ ಕಳಸಾಕ ಐತಿ. ಮಂದೀನ್ನ ಅಳೆಯಾಕ ಅಲ್ಲ." ಹಾಗಾದರೆ ಗುಡ್ಡವ್ವ ಯಾಕೆ ಹೊರಗೆ? ಪಾಸ್ಟರ್ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತಾರೆ. "ಕಮಿಟಿ ಐತಲ್ರಿ."

ಸತ್ತ ಹುಡುಗಿಯನ್ನು ಯೇಸು ಕೈ ಹಿಡಿದೆಬ್ಬಿಸಿದ್ದನ್ನು ಇದೇ ಸಭೆ ಓದುತ್ತದೆ, ಆಮೆನ್ ಎನ್ನುತ್ತದೆ.

ಗುಡ್ಡವ್ವನಿಗೆ ಚುಚ್ಚಿದ್ದು ಒಂದು ಶಬ್ದ. ಗ್ರಂಥದ 'ಅಶುದ್ಧ' ಕಮಿಟಿಯ ಬಾಯಲ್ಲಿ 'ಮೈಲಿಗಿ' ಆಗಿತ್ತು. "ನಮ್ಮತ್ತೀನ್ನ ಬಾವಿ ಕಟ್ಟಿ ಹತ್ತಗೊಡದ ಶಬ್ದರೀ ಅದು. ಅದನ್ನ ಬಿಟ್ಟ ಬರಾಕಂತ ಅಕಿ ಈ ಗುಡಿಗೆ ಬಂದಾಕಿ. ಅದು ನಮಗಿಂತ ಮದ್ಲ ಬಂದು ಒಳಗ ಕುಂತೈತಿ."

ಅದರಾಚೆಯ ಐತವಾರ ಮಗಳು ಪೂನಮ್‌ಳ ಕೂಸಿಗೆ ದೀಕ್ಷಾಸ್ನಾನವಿತ್ತು. ಗುಡ್ಡವ್ವನ ಆಸೆ ಇಷ್ಟೇ ಇತ್ತು: "ಕೂಸು ನನ್ನ ಕೈಯಾಗ ಇರಲಿ, ಪಾಸ್ಟರು ನೀರ ಹಾಕಲಿ." ಅದಕ್ಕಾಗಿ ಆ ವಾರ ಹೆಣ ತೊಳೆಯಲು ಬರುವುದಿಲ್ಲ ಎನ್ನಬಹುದಿತ್ತು. ಶುಕ್ರವಾರ ಅಂಕಲಗಿಯಿಂದ ಕರೆ ಬಂತು. ಹೋದರು.

ಐತವಾರ ಹೆಸರು ಕರೆದಾಗ ಪೂನಮ್ ಒಳಗೆ ಹೋಗಲಿಲ್ಲ. ಪಡಸಾಲೆಯಲ್ಲಿ ತಾಯಿಯ ಕೈಗೆ ಕೂಸು ಕೊಟ್ಟು ಪಕ್ಕದಲ್ಲೇ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಪಾಸ್ಟರ್ ನೀರಿನ ಬಟ್ಟಲು ಹಿಡಿದು ಹೊರಗೆ ಬಂದರು. ಸಭೆಯ ಹೆಚ್ಚಿನವರು ಎದ್ದು ಬಂದರು. ಕಿಶೋರ ಬರಲಿಲ್ಲ.

ಕಮಿಟಿಯ ತೀರ್ಮಾನ ಇನ್ನೂ ಹಾಗೆಯೇ ಇದೆ.