ವಿಮಾನ ಇಳಿಯುವ ತನಕ ಕಸಬರಿಗೆ ಮುಟ್ಟಬಾರದು

ನಮ್ಮ ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಅವರು ಹೋಗಿ ಮುಟ್ಟುವ ತನಕ ಕಸ ಹೊಡೆಯುವ ಹಾಗಿಲ್ಲ. ಹೋದವರ ಬೆನ್ನಿಗೇ ಕಸಬರಿಗೆ ಆಡಿಸಿದರೆ ಅವರನ್ನೂ ಗುಡಿಸಿ ಹೊರಗೆ ಹಾಕಿದಂತೆ ಎಂದು ಅವ್ವನ ನಂಬಿಕೆ. ಇದು ಎಷ್ಟೋ ಮನೆಗಳಲ್ಲಿ ಇದೆ, ಆದರೆ ಅಲ್ಲೆಲ್ಲ ಸ್ವಲ್ಪ ಹೊತ್ತು ತಡೆದು ಗುಡಿಸಿಬಿಡುತ್ತಾರೆ. ಅವ್ವನ ತವರು ದೇವದುರ್ಗದ ಕಡೆ, ಹೊಳೆಯ ದಂಡೆಯ ಊರು. ಗಂಡಸರು ಹರಿಗೋಲು ಹತ್ತಿ ಕೃಷ್ಣೆ ದಾಟಿ ಹೋದರೆ, ಆಚೆ ದಂಡೆಯಲ್ಲಿ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹೆಂಗಸರು ಕಸಬರಿಗೆ ಹಿಡಿಯುತ್ತಿದ್ದರಂತೆ. ಅವ್ವನ ಹತ್ತಿರವೂ ಅರ್ಧಂಬರ್ಧ ನಡೆಯದು.

ನಾನು ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಶಾಲೆಯಲ್ಲಿ ಪಾಠ ಮಾಡುವವಳು. ಮಾನ್ವಿಯಲ್ಲಿ ಇಳಿದು ಒಂದು ಮಿಸ್ ಕಾಲ್ ಕೊಡಬೇಕು, ಆಗ ಇತ್ತ ಮನೆಯಲ್ಲಿ ಕಸಬರಿಗೆ ಏಳುತ್ತದೆ. ನನಗೋ ಧೂಳು ಕಂಡರೆ ಆಗದು. ಶಾಲೆಯಲ್ಲಿ ಬೆಂಚಿನ ಮೇಲೆ ಬೆರಳಾಡಿಸಿ ನೋಡಿ ಮುಖ ಸಿಂಡರಿಸುವವಳು. ಆದರೂ ಇಷ್ಟು ವರ್ಷ ಅವ್ವನ ನೇಮಕ್ಕೂ ನನ್ನ ಸಿಡುಕಿಗೂ ಹೇಗೋ ಹೊಂದಾಣಿಕೆ ಆಗಿತ್ತು. ಕೆಡಿಸಿದವನು ನನ್ನ ತಮ್ಮ.

ಸೈನ್ಯ ಸೇರಿದ ತಮ್ಮ ಹಾರಿಸಲು ಕಲಿತದ್ದು ಎಂಥ ವಿಮಾನ ಅಂತೀರಿ? ಒಮ್ಮೆ ಏರಿದರೆ ಒಂದು ಹಗಲು, ಒಂದು ರಾತ್ರಿ ಇಳಿಯದಂಥದ್ದು. ಅದರೊಳಗೆ ಮನುಷ್ಯರಿರುವುದಿಲ್ಲ. ಹಾರಿಸುವವರು ನೆಲದ ಮೇಲೆ ಒಂದು ಕೋಣೆಯಲ್ಲಿ ಪರದೆಗಳ ಮುಂದೆ ಕುಳಿತಿರುತ್ತಾರೆ. ಅವರ ಪಾಳಿ ಮುಗಿದರೆ ಬೇರೆಯವರು ಬಂದು ಕೂರುತ್ತಾರೆ, ವಿಮಾನ ಮಾತ್ರ ಮೇಲೆಯೇ ಸುತ್ತುತ್ತಿರುತ್ತದೆ.

ಇದೆಲ್ಲ ಅಪ್ಪನಿಗೆ ಬಾಯಿಪಾಠ. ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡಿ ಈಗ ಆರಾಮಾಗಿರುವ ಅಪ್ಪ, ಟಿವಿಯಲ್ಲಿ ಕೇಳಿದ್ದನ್ನೆಲ್ಲ ಓಣಿಯ ಚಹಾದ ಅಂಗಡಿಯಲ್ಲಿ ಹಂಚುತ್ತಿದ್ದ. "ಭಾಳ ಮ್ಯಾಲೂ ಅಲ್ಲ, ಭಾಳ ಕೆಳಗೂ ಅಲ್ಲ, ನಡುವ ಹಾರ್ತದ. ಕೆಳಗಿದ್ದವರಿಗೆ ಅದು ಕಾಣಂಗಿಲ್ಲ, ಅದಕ್ಕ ಎಲ್ಲಾರೂ ಕಾಣ್ತಾರ. ಕತ್ತಲಾಗ ಮೈಶಾಖ ನೋಡಿ ಇದು ಮನಷ್ಯಾ, ಇದು ಎಮ್ಮಿ ಅಂತ ತೋರಸ್ತದ. ಮೋಡ ಅಡ್ಡ ಬಂದ್ರ ರಾಡಾರ್ ಅದ. ಬೇಕಂದ್ರ ಬಾಂಬೂ ಹೊರ್ತದ. ಓಟ ಮಾತ್ರ ಕಡಿಮಿ. ಅದರ ತಾಕತ್ತು ಓಟದಾಗ ಇಲ್ಲ, ತಾಳ್ಮಿಯೊಳಗ ಅದ."

"ಅಷ್ಟೊತ್ತು ಚಹಾ ಇಲ್ಲದ ಹೆಂಗ ಇರ್ತದಪಾ?" ಎಂದು ಅಂಗಡಿಯ ಚಾಚಾ ಕಾಲೆಳೆಯುತ್ತಿದ್ದ. ಅಪ್ಪ ಅವನೊಂದಿಗೆ ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ, ಯಾಕೆಂದರೆ ಮಗ ಆ ವಿಮಾನದೊಳಗೇ ಕುಳಿತಿರುತ್ತಾನೆ ಎಂದು ಆಕೆ ತಿಳಿದಿದ್ದಳು.

ಎಷ್ಟು ಹೇಳಿದರೂ ನಂಬಲಿಲ್ಲ. ಎಲ್ಲರೂ ಸೇರಿ ತನಗೆ ಧೈರ್ಯ ಹೇಳಲು ಸುಳ್ಳಾಡುತ್ತಿದ್ದೇವೆ ಎಂಬ ಸಂಶಯ. ಒಂದು ದಿನ ತಮ್ಮ ಫೋನ್ ಮಾಡಿದ. "ಯವ್ವಾ, ನನ್ನ ಡ್ಯೂಟಿ ಮುಗೀತು, ರೂಮಿಗೆ ಬಂದೀನಿ."

"ವಿಮಾನ ಇಳೀತೇನು?"

"ಇಲ್ಲ ಬೇ, ಅದು ಇನ್ನೂ ಮ್ಯಾಲೇ ಅದ."

ಅವ್ವ ಫೋನ್ ಇಟ್ಟು ನನ್ನತ್ತ ತಿರುಗಿದಳು. "ವಿಮಾನ ಮ್ಯಾಲ ಅದ ಅಂತಾನ, ತಾ ಕೆಳಗ ಬಂದೀನಿ ಅಂತಾನ. ನಡುವ ಬಸ್‌ಸ್ಟ್ಯಾಂಡ್ ಅದ ಏನು ಇಳಿಯಾಕ?"

ಆ ದಿನ ಮನೆ ಗುಡಿಸಲಿಲ್ಲ. ಮರುದಿನವೂ ಇಲ್ಲ.

ಆ ಬೇಸಿಗೆಯಲ್ಲಿ ಗಡಿಯ ಕಡೆ ಗದ್ದಲವೆಂದು ಟಿವಿಗಳು ಕೂಗತೊಡಗಿದವು. ತಮ್ಮನ ಫೋನ್ ಬರುವುದು ಅಪರೂಪವಾಯಿತು. ವಿಮಾನ ಏರಿತೋ ಇಳಿಯಿತೋ ಯಾರಿಗೆ ಗೊತ್ತು? ರಾಯಚೂರಿನ ಕೆಂಡದಂಥ ಗಾಳಿ ಧೂಳು ತಂದು ಸುರಿಯುತ್ತಿತ್ತು, ಕಸಬರಿಗೆ ಬಾಗಿಲ ಮೂಲೆಯಲ್ಲಿ ಒರಗಿಯೇ ಇತ್ತು. ಕದ್ದು ಗುಡಿಸಲು ಹೋಗಿ ಬೈಸಿಕೊಂಡೆ. ಧೂಳಿನ ಮಾತು ಹೋಗಲಿ, ಅವ್ವ ಊಟ ಬಿಡತೊಡಗಿದ್ದು ನೋಡಲಾಗಲಿಲ್ಲ. "ಅವಂಗ ಅಲ್ಲಿ ಮ್ಯಾಲ ರೊಟ್ಟಿ ಯಾರ್ ಕೊಡ್ತಾರ?" ಎಂದು ತಾಟು ಸರಿಸುತ್ತಿದ್ದಳು. ಗದ್ದಲ ತಣ್ಣಗಾದರೂ ಆಕೆ ತಣ್ಣಗಾಗಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ಕೈಬಳೆಗಳು ಮೊಣಕೈ ತನಕ ಸರಿಯುವಷ್ಟು ಸೊರಗಿದ್ದಳು. ಡಾಕ್ಟರು ಬಿಪಿ ಗುಳಿಗೆ ಹೆಚ್ಚಿಸಿ, ಹೀಗೇ ಉಪವಾಸ ಬಿದ್ದರೆ ಕಷ್ಟ ಎಂದರು. ನನಗೆ ನಿಜಕ್ಕೂ ಭಯವಾಯಿತು. ಗಡಿಯಲ್ಲಿರುವ ಮಗ ಗಟ್ಟಿಯಾಗಿದ್ದ, ಮನೆಯಲ್ಲಿರುವ ಅವ್ವ ಕೈಬಿಟ್ಟು ಹೋಗುತ್ತಿದ್ದಳು.

ಆಗ ಕುರ್ಡಿಯಿಂದ ಚಿಗವ್ವ, ಅಂದರೆ ಅವ್ವನ ತಂಗಿ, ಫೋನ್ ಮಾಡಿ ಮಾತಿಗೆ ಮಾತು ಬಂದು ಹೇಳಿದಳು: ಅವರ ಗದ್ದೆಯಲ್ಲಿ ಭತ್ತಕ್ಕೆ ಡ್ರೋನಿನಿಂದ ಔಷಧ ಹೊಡೆಸುತ್ತಾರಂತೆ. ನಾನು ಶಾಲೆಗೆ ರಜೆ ಹಾಕಿ ಅವ್ವನನ್ನು ಬಸ್ಸು ಹತ್ತಿಸಿದೆ.

ಔಷಧ ಹೊಡೆಯಲು ಬಂದವಳು ಪಕ್ಕದೂರಿನ ಹೆಣ್ಣುಮಗಳು, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಕೊರಳಿಗೆ ರಿಮೋಟ್ ತೂಗುಹಾಕಿಕೊಂಡಿದ್ದಳು. ಬದುವಿನ ಮೇಲೆ ಇಟ್ಟಿದ್ದ ಡ್ರೋನಿನ ಸುತ್ತ ಅವ್ವ ಒಂದು ಸುತ್ತು ಬಂದಳು. ಬಗ್ಗಿ ಅದರ ಕೆಳಗೆ ನೋಡಿದಳು. ಔಷಧದ ಡಬ್ಬಿಯನ್ನು ಬೆರಳಿನಿಂದ ಬಡಿದಳು. "ಇದರಾಗ ಯಾರೂ ಇಲ್ಲೇನವ್ವಾ?"

"ಔಷಧ ಅದ ನೋಡ್ರಿ, ಅಷ್ಟ."

ಡ್ರೋನ್ ಎದ್ದು ಗದ್ದೆಯ ಆಚೆ ತುದಿಗೆ ಹೋಯಿತು. ನಾವೆಲ್ಲ ಅದನ್ನು ನೋಡುತ್ತಿದ್ದರೆ ಅವ್ವ ಆ ಹೆಣ್ಣುಮಗಳನ್ನೇ ನೋಡುತ್ತಿದ್ದಳು. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು" ಎನ್ನುವ ಜಾತಿ ಆಕೆಯದು.

"ನೀ ಕುಂತ್ರೂ ಹಾರ್ತದೇನು?"

"ಕುಂತ್ರೂ ಹಾರ್ತದ, ನಿಂತ್ರೂ ಹಾರ್ತದ್ರಿ."

"ಈ ಕೊರಳಾಗಿನ ಡಬ್ಬಿ ಇನ್ನೊಬ್ಬರ ಕೈಯಾಗ ಕೊಟ್ಟು ನೀ ಮನಿಗಿ ಹೋದ್ರ?"

"ಅವ್ರು ಹಾರಸ್ತಾರ್ರಿ. ಅದು ಮ್ಯಾಲೇ ಇರ್ತದ, ನಾ ಮನ್ಯಾಗ ಇರ್ತೀನಿ."

ಅವ್ವ ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟಳು. ಎರಡೂ ಅಂಗೈಯನ್ನು ಹಸಿ ಮಣ್ಣಿಗೆ ಊರಿ, "ಹಂಗಾದ್ರ ನನ ಮಗ ಭೂಮಿ ಮ್ಯಾಲೇ ಅದಾನ" ಎಂದು ಅತ್ತಳು. ನಾನೂ ಅತ್ತೆ. ಏನೂ ತಿಳಿಯದ ಆ ಹೆಣ್ಣುಮಗಳು ಔಷಧ ಕಣ್ಣಿಗೆ ಹಾರಿತೇನೋ ಎಂದು ಗಾಬರಿಯಾಗಿ ನೀರು ತಂದಳು. ಮಧ್ಯಾಹ್ನ ಚಿಗವ್ವನ ಮನೆಯಲ್ಲಿ ಅವ್ವ ಪುಂಡಿಪಲ್ಯ ಹಚ್ಚಿಕೊಂಡು ರೊಟ್ಟಿಯ ಮೇಲೆ ರೊಟ್ಟಿ ತಿಂದಳು. ನನ್ನ ಜೀವ ಹಗುರಾಯಿತು.

ಆಮೇಲೆ ಮನೆ ಕನ್ನಡಿಯ ಹಾಗಿರತೊಡಗಿತು. ತಮ್ಮ ರಜೆಯ ಮೇಲೆ ಬಂದಾಗ ಅವ್ವ ಮೈತುಂಬಿಕೊಂಡಿದ್ದಳು. ಕೆಲಸದ ಸುದ್ದಿ ಅವನು ಮನೆಯಲ್ಲಿ ಆಡುವವನಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ಅವ್ವನೇ ಕೇಳಿದಳು.

"ಅಷ್ಟೊತ್ತು ಪರದಿಯೊಳಗ ಏನ್ ನೋಡ್ತಿಯಪ್ಪಾ?"

"ಹಾದಿ ನೋಡ್ತೀನಿ ಯವ್ವಾ. ಒಮ್ಮೊಮ್ಮೆ ಇಡೀ ಪಾಳಿ ಒಬ್ಬನ್ನೇ ನೋಡಾದು. ಎಲ್ಲಿಂದ ಹೊಂಟ, ಎಲ್ಲಿಗಿ ಹೊಂಟಾನ, ಅಷ್ಟ."

"ಅವಂಗ ಗೊತ್ತಿರ್ತದೇನು?"

"ಇಲ್ಲ."

"ಮನಿ ಮುಟ್ತಾನಿಲ್ಲ?"

ತಮ್ಮ ರೊಟ್ಟಿ ಮುರಿಯುತ್ತಿದ್ದವನು ಕೈ ತಡೆದ. "ಹೆಚ್ಚಾಗಿ ಮುಟ್ತಾರ ಯವ್ವಾ."

ಅವ್ವ ಅವನ ತಾಟಿಗೆ ಇನ್ನಷ್ಟು ಪಲ್ಯ ಬಡಿಸಿದಳು.

ರಜೆ ಮುಗಿಸಿ ಹೋದ ಮೇಲೆ ಒಂದು ಬೆಳಿಗ್ಗೆ ಅವನ ಫೋನ್ ಬಂತು, ಡ್ಯೂಟಿಗೆ ಹೊರಟಿದ್ದೇನೆ ಎಂದು. ಅವ್ವ ಕಸಬರಿಗೆ ಕೈಯಲ್ಲಿ ಹಿಡಿದೇ ಮಾತಾಡಿದಳು. ಮಾತು ಮುಗಿದದ್ದೇ ಅದನ್ನು ಒಯ್ದು ಬಾಗಿಲ ಮೂಲೆಗೆ ಒರಗಿಸಿದಳು.

ನನಗೆ ರೇಗಿತು. "ಮತ್ತ ಶುರು ಮಾಡಿದೇನ ಬೇ? ಅವ ನೆಲದ ಮ್ಯಾಲ ಕುರ್ಚಿಯಾಗ ಕುಂತಿರ್ತಾನ ಅಂತ ಗೊತ್ತಿಲ್ಲೇನು ನಿನಗ?"

"ಅವ ಕುಂತಿರ್ತಾನ, ಗೊತ್ತದ" ಎಂದಳು ಅವ್ವ. "ನನ ಮಗ ಪರದಿಯೊಳಗ ನೋಡಾಕತ್ತಿರ್ತಾನಲ್ಲ ಹಾದಿ ಮ್ಯಾಲಿನವನ್ನ, ಅವ ಇನ್ನೂ ಮನಿ ಮುಟ್ಟಿರಂಗಿಲ್ಲ. ಅವನೂ ಯಾರದೋ ಮಗ."

ನಾನು ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟೆ. ಮಾನ್ವಿಯಲ್ಲಿ ಇಳಿದು ಮಿಸ್ ಕಾಲ್ ಕೊಟ್ಟೆ. ಸಂಜೆ ಮನೆಗೆ ಬಂದಾಗ ಕಸ ಬಿದ್ದಲ್ಲೇ ಬಿದ್ದಿತ್ತು, ಕಾಲೆತ್ತಿ ದಾಟಿ ಒಳಗೆ ಹೋದೆ.