ಆಟಿ ತಿಂಗಳ ಗಿಟಾರು

ನನಗೆ ಆತ್ಮವಿಶ್ವಾಸದ ಕೊರತೆ ಯಾವತ್ತೂ ಇರಲಿಲ್ಲ. ಕೊರತೆ ಏನಿದ್ದರೂ ಉಳಿದ ವಿಷಯಗಳಲ್ಲಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಮುಂದೆ ಹೇಳುವುದೆಲ್ಲ ಒಂದು ಸುಳ್ಳಿನಿಂದ ಹುಟ್ಟಿದ್ದು, ಆ ಸುಳ್ಳು ಹುಟ್ಟಿದ್ದು ಆತ್ಮವಿಶ್ವಾಸದಿಂದ. ಹೆದರಿ ಸುಳ್ಳು ಹೇಳುವವರು ಬೇರೆ. ಅವರ ನಾಲಗೆ ತೊದಲುತ್ತದೆ, ಹಣೆ ಬೆವರುತ್ತದೆ. ನಾನು ತೊದಲುವುದೇನಿದ್ದರೂ ನಿಜ ಹೇಳುವಾಗ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಂಗಳೂರಿನಲ್ಲಿ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಅಲ್ಲಿಯವರ ಮಾತಿನಲ್ಲಿ ‘ರೈಟರು’. ಬಜಪೆಗೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿ ಸರೋಜಿನಿ ಬೆಲ್ಲ, ನೀರು ತಂದಿಟ್ಟು ಬಾಗಿಲ ಹಿಂದೆ ಸರಿದಳು. ಅವಳ ತಂದೆ ಬೇಸಾಯಗಾರರು. ಗದ್ದೆಯಲ್ಲಿ ನಿಂತೇ ಊರಿನ ವಿಮಾನ ನಿಲ್ದಾಣಕ್ಕೆ ವಿಮಾನ ಇಳಿಯುವುದನ್ನು ನೋಡುವವರಾದ್ದರಿಂದ ಸುಲಭಕ್ಕೆ ಬೆರಗಾಗುವ ಪೈಕಿ ಅಲ್ಲ. “ಆಫೀಸು ಬಿಟ್ಟ ಮೇಲೆ ಎಂತ ಮಾಡುವುದು ನೀವು?” ಎಂದು ಕೇಳಿದರು. ಆಫೀಸು ಬಿಟ್ಟ ಮೇಲೆ ನಾನು ಮಲಗುತ್ತಿದ್ದೆ. ಆದರೆ ಬಾಗಿಲ ಹಿಂದೆ ಬಳೆ ಸದ್ದಾಯಿತು. “ಗಿಟಾರ್ ಬಾರಿಸ್ತೇನೆ” ಎಂದುಬಿಟ್ಟೆ. ಕುಲಶೇಖರದಲ್ಲಿ ನಾನಿದ್ದ ಬಾಡಿಗೆ ಮನೆಯ ಪಕ್ಕದಲ್ಲಿ ಯಾರೋ ಸಂಜೆ ಹೊತ್ತು ಗಿಟಾರು ಬಾರಿಸುತ್ತಿದ್ದರು. ಆ ವಾದ್ಯಕ್ಕೂ ನನಗೂ ಇದ್ದ ಸಂಬಂಧ ಅಷ್ಟೇ, ನಡುವೆ ಒಂದು ಗೋಡೆಯೂ ಇತ್ತು.

ಮದುವೆಯಾಯಿತು. ಸರೋಜಿನಿ ಬಂದ ಮೂರನೆಯ ದಿನವೇ ಮನೆಯ ಎರಡು ಕೋಣೆಗಳನ್ನೂ ಗುಡಿಸಿ ಮುಗಿಸಿ, “ಗಿಟಾರ್ ಎಲ್ಲಿ?” ಎಂದು ಕೇಳಿದಳು. ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಆಮೇಲೆ ವಾರಕ್ಕೊಮ್ಮೆ “ರಿಪೇರಿ ಆಯಿತಾ?” ಎಂಬ ವಿಚಾರಣೆ. ಅದರಲ್ಲಿ ಸಂಶಯದ ಸುಳಿವೇ ಇರಲಿಲ್ಲ. ಕಷ್ಟವಾದದ್ದು ಅದೇ. ಸಂಶಯ ಪಡುವವರಿಗೆ ಸುಳ್ಳು ಹೇಳುವುದರಲ್ಲಿ ಒಂದು ಆಟದ ಖುಷಿ ಇದೆ. ನಂಬಿ ಕಾಯುವವರ ಮುಂದೆ ಅದೇ ಸುಳ್ಳು ದಿನದಿನಕ್ಕೆ ಭಾರವಾಗುತ್ತದೆ.

ಅಷ್ಟರಲ್ಲಿ ಆಟಿ ಬಂತು. ತುಳುನಾಡಿನಲ್ಲಿ ಆಟಿಯೆಂದರೆ ಮಳೆ ಹಿಡಿದು ಹೊಡೆಯುವ ತಿಂಗಳು. ಹೊಸ ಮದುಮಗಳು ಆಗ ತವರಿಗೆ ಹೋಗಿ ಕೂರುವುದು ಪದ್ಧತಿ. ಹೊರಡುವಾಗ ಸರೋಜಿನಿ ಹೇಳಿದಳು: “ನಾನು ಬರುವಾಗ ರಿಪೇರಿ ಆಗಿರಲಿ, ಆಯ್ತಾ? ಅಪ್ಪ ನನ್ನನ್ನು ಬಿಡ್ಲಿಕ್ಕೆ ಬರ್ತಾರೆ. ಅವರಿಗೂ ಕೇಳಬೇಕಂತೆ.” ನನಗೆ ಸಿಕ್ಕಿದ್ದು ಒಂದು ತಿಂಗಳು.

ಬಂದರಿನಲ್ಲಿ ಅಂಗಡಿ ಇಟ್ಟಿದ್ದ ನನ್ನ ಬ್ಯಾರಿ ಸ್ನೇಹಿತ ಅಬ್ಬಾಸನಿಗೆ ಒಂದು ಗಿಟಾರು ತರಿಸಿಕೊಡಲು ಮೊದಲೇ ಹೇಳಿಟ್ಟಿದ್ದೆ. ಅವನ ಭಾವ ಹಡಗಿನಲ್ಲಿ ಕೆಲಸಕ್ಕಿದ್ದ. ಭಾವ ಊರಿಗೆ ಬಂದದ್ದೇ ಅಬ್ಬಾಸ್ ಒಂದು ಚಪ್ಪಟೆ ಪೆಟ್ಟಿಗೆ ಹೊತ್ತುಕೊಂಡು ಬಂದ. ಅವನ ಮುಖ ಸಣ್ಣದಾಗಿತ್ತು. “ಮಾರಾಯ, ನಾನು ಗಿಟಾರ್ ತಾ ಅಂದೆ. ಅವ ಸೌದೆ ತಂದಿದ್ದಾನೆ.” ಪೆಟ್ಟಿಗೆಯಲ್ಲಿದ್ದವು ತೆಳ್ಳಗಿನ ಹಲಗೆ ಎರಡು, ಬಗ್ಗಿಸಿದ ಪಟ್ಟಿಗಳು, ಒಂದು ಕುತ್ತಿಗೆ, ತಂತಿ, ಬಡಗಿಗಳು ಕಾಯಿಸಿ ಬಳಸುವ ಸರೇಸು ಎಂಬ ಅಂಟು. ಜೊತೆಗೆ ನಮ್ಮಿಬ್ಬರಿಗೂ ಗೊತ್ತಿಲ್ಲದ ಭಾಷೆಯ ಒಂದು ಚಿತ್ರಪಟ. ಜೋಡಿಸಿಕೊಳ್ಳಬೇಕಾದ ಗಿಟಾರು ಅದು. ಅಬ್ಬಾಸ್ ವಾಪಸು ಕೊಂಡುಹೋಗುತ್ತೇನೆಂದ. ನಾನು ಬಿಡಲಿಲ್ಲ. ನನ್ನ ತರ್ಕ ಸರಳವಾಗಿತ್ತು: ಬಾರಿಸುವವನಿಗೆ ಮಾಡಲು ಬರದೆ ಇರಬಹುದು, ಮಾಡಿದವನಿಗೆ ಬಾರಿಸುವುದು ಎಷ್ಟರ ಮಾತು?

ಚಿತ್ರಪಟದಲ್ಲಿ ಒಬ್ಬ ಮನುಷ್ಯ ಮೊದಲ ಚಿತ್ರದಿಂದ ಕೊನೆಯದರವರೆಗೂ ಒಂದೇ ಸಮನೆ ನಗುತ್ತ ಗಿಟಾರು ಕಟ್ಟುತ್ತಿದ್ದ. ಅವನ ದೇಶದಲ್ಲಿ ಆಟಿ ಇದ್ದಿರಲಾರದು. ಅವನನ್ನೇ ಅನುಕರಿಸಿ ಮೇಲಿನ ಹಲಗೆಯ ಒಳಮೈಗೆ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಬಂಗುಡೆ ಮೀನಿನ ಮುಳ್ಳಿನಂತೆ ಸಾಲಾಗಿ ಅಂಟಿಸಿದೆ, ಬದಿಗಳನ್ನು ಕೂರಿಸಿದೆ, ಬೆನ್ನು ಮುಚ್ಚಿದೆ. ಆಗ ಹೊಳೆದದ್ದು, ಗಿಟಾರೆಂದರೆ ಹೆಚ್ಚಿನ ಪಾಲು ಗಾಳಿಯೇ ಎಂದು. ವೀಣೆಯ ಕೊಡವೂ ಹಾಗೆ, ತಂಬೂರಿಯ ಬುರುಡೆಯೂ ಹಾಗೆ, ನಮ್ಮ ಚೆಂಡೆಯ ಹೊಟ್ಟೆಯೂ ಹಾಗೆ. ಹಿಂದಿನವರು ಟೊಳ್ಳನ್ನು ಎಷ್ಟು ಜಾಗರೂಕತೆಯಿಂದ ಕಟ್ಟಿದ್ದಾರೆ! ಟೊಳ್ಳು ನನ್ನೊಳಗೂ ಬೇಕಾದಷ್ಟಿತ್ತು; ಕಟ್ಟಿದವನಿಗೆ ಅಷ್ಟು ಪುರುಸೊತ್ತು ಇದ್ದಿರಲಿಲ್ಲವೆಂದು ಕಾಣುತ್ತದೆ.

ಆದರೆ ಸರೇಸು ಒಣಗಲೊಲ್ಲದು. ಗೋಡೆ ಬೆವರುತ್ತಿತ್ತು, ಬೆಂಕಿಪೆಟ್ಟಿಗೆ ಮೆತ್ತಗಾಗಿತ್ತು. ನಾಲ್ಕು ದಿನ ಕಳೆದರೂ ಬೆರಳಿಟ್ಟರೆ ಅಂಟು ಬೆರಳಿಗೇ ಬರುತ್ತಿತ್ತು. ಹಂಚಿನ ಕಾರ್ಖಾನೆಯವರದು ಒಂದು ದೃಢ ನಂಬಿಕೆ: ಒದ್ದೆಯಾದದ್ದು ಯಾವುದೇ ಇರಲಿ, ಬೆಂಕಿಗೂಡಿನ ಮೇಲಿನ ಅಟ್ಟಕ್ಕೆ ಏರಿಸಿದರೆ ಸರಿಹೋಗುತ್ತದೆ. ಹಸಿ ಹಂಚು ಒಣಗುವುದು ಅಲ್ಲೇ. ಮಳೆಗಾಲದಲ್ಲಿ ನಮ್ಮ ಕೊಡೆ, ಅಂಗಿ, ಮ್ಯಾನೇಜರರ ಬೂಟ್ಸು ಎಲ್ಲವೂ ಅಲ್ಲೇ. ಗಿಟಾರನ್ನೂ ಗೋಣಿಯಲ್ಲಿ ಸುತ್ತಿ ಏರಿಸಿದೆ. ಸರೇಸು ಕರಗುವುದೇ ಬಿಸಿಗೆ. ದಿನಾ ನನ್ನ ಒಲೆಯ ಮೇಲೆ ಅದನ್ನು ಕರಗಿಸುತ್ತಿದ್ದವನು ನಾನೇ ಆದರೂ, ಈ ಎರಡು ಸಂಗತಿಗಳು ನನ್ನ ತಲೆಯಲ್ಲಿ ಭೇಟಿಯಾಗಲಿಲ್ಲ.

ಎರಡು ದಿನದ ಮೇಲೆ ಇಳಿಸಿದಾಗ ನೋಟಕ್ಕೆ ಅದ್ಭುತವಾಗಿತ್ತು. ಕಮಲಕ್ಕನಿಗೆ ತೋರಿಸಿದೆ. ಕಮಲಕ್ಕ ನಮ್ಮಲ್ಲಿ ಸುಟ್ಟ ಹಂಚುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿಯೇ ಒಂದನೇ ನಂಬರು, ಎರಡನೇ ನಂಬರು ಎಂದು ಬೇರೆ ಮಾಡುವವರು. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಕಾಣುತ್ತಿತ್ತು. ಗಿಟಾರಿನ ಹೊಟ್ಟೆಯನ್ನು ನಾಲ್ಕು ಕಡೆ ತಟ್ಟಿದರು.

“ರೈಟರೇ, ಒಳಗೆ ಎಂತದೋ ಬಿಟ್ಟಿದೆ. ಇಲ್ಲಿ ಮಾತಾಡ್ತದೆ, ಇಲ್ಲಿ ಮಾತಾಡುವುದಿಲ್ಲ.”

“ಕಮಲಕ್ಕ, ಇದು ಹಂಚಲ್ಲ. ಫಾರಿನ್ ಗಿಟಾರ್.”

“ಫಾರಿನ್ ಆದರೆ ಎಂತ? ಸದ್ದು ಸದ್ದೇ ಅಲ್ವಾ?”

ನಾನು ದೊಡ್ಡ ಮನಸ್ಸು ಮಾಡಿ ನಕ್ಕು ಮನೆಗೆ ಹೋದೆ. ತಂತಿ ಕಟ್ಟಿ ಮೀಟಿದೆ. ಸೀಸೆಯಲ್ಲಿ ಕೂಡಿಹಾಕಿದ ದುಂಬಿಯ ಸದ್ದು ಬಂತು. ತಂತಿ ಬಿಗಿದಷ್ಟೂ ಹಲಗೆ ಹೊಟ್ಟೆ ಉಬ್ಬಿಸಿಕೊಂಡು ಮೇಲೇಳುತ್ತಿತ್ತು. ಒಳಗಿನ ಪಟ್ಟಿ, ಕಮಲಕ್ಕ ಬೆರಳಿಟ್ಟ ಜಾಗದಲ್ಲೇ, ಬಿಟ್ಟುಕೊಂಡಿತ್ತು. ಅಂಟಿಸಿದ ಬೆನ್ನನ್ನು ಕಾಯಿಸಿದ ಚೂರಿಯಿಂದ ನಾನೇ ಬಿಡಿಸಬೇಕಾಯಿತು. ಅಳು ಬರುವಂತಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಈ ಸಲ ಅವಸರ ಮಾಡಲಿಲ್ಲ. ಪಟ್ಟಿಯನ್ನು ಹೊಸ ಸರೇಸಿನಿಂದ ಕೂರಿಸಿ, ಬೆನ್ನು ಮುಚ್ಚಿ, ಹಗ್ಗದಲ್ಲಿ ಬಿಗಿದು, ಮೇಲೆ ನಾಲ್ಕು ಹಂಚು ಹೇರಿ, ಮಳೆ ನಿಂತು ಎರಡು ದಿನ ಬಿಸಿಲು ಬೀಳುವವರೆಗೆ ಕಾದೆ. ಕಮಲಕ್ಕ ಮತ್ತೆ ತಟ್ಟಿ, “ಈಗ ಸರಿ ಉಂಟು” ಎಂದರು. ಆ ಮೂರು ಶಬ್ದಗಳಿಂದ ಆದ ಸಂತೋಷ ನನಗೆ ಮೆಟ್ರಿಕ್ ಪಾಸಾದಾಗಲೂ ಆಗಿರಲಿಲ್ಲ.

ಆಟಿಯೂ ಮುಗಿದಿತ್ತು. ಬಾರಿಸಲು ಕಲಿಯುವುದಕ್ಕೆ ಉಳಿದದ್ದು ಒಂದು ಮಧ್ಯಾಹ್ನ.

ಮಾವ ಮಗಳೊಂದಿಗೆ ಬಂದರು. ಕಾಫಿ ಕುಡಿದು, ಗೋಡೆಗೆ ಒರಗಿಸಿದ್ದ ಗಿಟಾರು ನೋಡಿ, “ಹಾಂ, ಒಂದು ಬಾರಿಸಿ ಅಳಿಯಂದ್ರೇ” ಎಂದರು. ಸರೋಜಿನಿ ನೆಲದ ಮೇಲೆ, ನನ್ನ ಎದುರಿಗೇ, ಕಾಲು ಮಡಚಿ ಕೂತಳು. ನನ್ನಲ್ಲಿ ನೆವಗಳು ಸಿದ್ಧವಾಗಿದ್ದವು: ಹೊಸ ತಂತಿ ಪಳಗಬೇಕು, ಬೆರಳಿಗೆ ಪೆಟ್ಟಾಗಿದೆ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ನನ್ನ ಬದುಕಿನಲ್ಲಿ ನಾನು ಮೊದಲಿಂದ ಕೊನೆಯವರೆಗೆ ಮೋಸವಿಲ್ಲದೆ ಮಾಡಿದ ಒಂದೇ ಒಂದು ವಸ್ತು ಅದು. ಅದನ್ನೂ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಿಸಲು ಮನಸ್ಸು ಬರಲಿಲ್ಲ.

“ನನಗೆ ಬಾರಿಸ್ಲಿಕ್ಕೆ ಬರುವುದಿಲ್ಲ ಮಾವ” ಎಂದೆ, ತೊದಲುತ್ತ. “ಆ ದಿನ ಹೇಳಿದ್ದು ಸುಳ್ಳು. ಆದರೆ ಇದನ್ನು ಮಾಡಿದ್ದು ನಾನೇ.”

ಮಾವ ತೊಡೆ ತಟ್ಟಿ ನಕ್ಕರು. ಮೊದಲನೆಯದನ್ನು ವಿನಯವೆಂದು ತಿಳಿದರು, ಎರಡನೆಯದನ್ನು ಬಡಾಯಿಯೆಂದು. “ಕಲಾವಿದರು ಎಲ್ಲ ಹೀಗೆಯೇ ಮೊದಲು ಬರುವುದಿಲ್ಲ ಅಂತ ಹೇಳುವುದು. ಅದು ಬಿಡಿ, ಗಿಟಾರ್ ಯಾವ ಅಂಗಡಿಯದ್ದು?” ಆಧಾರವೇ ಇಲ್ಲದ ಸುಳ್ಳನ್ನು ಅವರು ಮಗಳನ್ನು ಕೊಡುವಷ್ಟು ನಂಬಿದ್ದರು, ಕೈಯಲ್ಲಿ ಹಿಡಿದು ತೋರಿಸಿದ ನಿಜವನ್ನು ನಂಬಲು ತಯಾರಿರಲಿಲ್ಲ.

ಸರೋಜಿನಿ ನಗಲಿಲ್ಲ. ಅವಳ ಮುಖ ನೋಡಲು ನನಗೆ ಹೆದರಿಕೆಯಾಯಿತು. ಗಿಟಾರನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ನಡುವಿನ ತೂತಿನಿಂದ ಒಳಗೆ ಇಣುಕಿದಳು. ತುಂಬ ಹೊತ್ತು ಇಣುಕಿದಳು.

“ಅಂಗಡಿಯದ್ದಲ್ಲ ಅಪ್ಪ” ಎಂದಳು. “ಅಂಗಡಿಯವರು ಇಷ್ಟು ಅಂಟು ಸುರಿಯುವುದಿಲ್ಲ. ಇವರೇ ಮಾಡಿದ್ದು. ಬಾರಿಸ್ಲಿಕ್ಕೆ ಬರುವುದಿಲ್ಲ ಅಂದದ್ದೂ ನಿಜವೇ ಇರಬೇಕು.”

ಮಾವ ಬಸ್ಸು ಹಿಡಿದು ಹೋದ ಮೇಲೆ ಅವಳು ಅಕ್ಕಿ ಆರಿಸುತ್ತ ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕೊನೆಗೆ ತಲೆ ಎತ್ತದೆ ಕೇಳಿದಳು: “ಇನ್ನು ಎಂತೆಂತ ಸುಳ್ಳು ಉಂಟು? ಎಲ್ಲ ಒಮ್ಮೆ ಹೇಳಿಬಿಡಿ.”

ಹೇಳಿದೆ. ಮದರಾಸಿನ ನೌಕರಿಗೆ ಕರೆ ಬಂದದ್ದು, ಇಂಗ್ಲಿಷ್ ಪೇಪರು ಪೂರ್ತಿ ಓದುವುದು, ತುಂಬಿದ ನೇತ್ರಾವತಿಯನ್ನು ಈಜಿ ದಾಟಿದ್ದು. ಅವಳ ಕೈ ಅಕ್ಕಿಯ ಮೇಲೆ ನಿಂತಿತು.

“ಈಜು ಬರುವುದಿಲ್ವಾ?”

“ಇಲ್ಲ.”

“ಹಾಗಾದ್ರೆ ಅದನ್ನೊಂದು ನಿಜ ಮಾಡ್ಲಿಕ್ಕೆ ಹೋಗಬೇಡಿ, ದಮ್ಮಯ್ಯ” ಎಂದಳು.

ಅವಳಿಗೆ ನಾನು ಬೇಕು ಎಂದು ನನಗೆ ಖಾತ್ರಿಯಾದದ್ದು ಆ ಮಾತಿನಿಂದ. ಅದಕ್ಕಿಂತ ಹೆಚ್ಚಿನ ಆತ್ಮವಿಶ್ವಾಸ ಆಮೇಲೆ ನನಗೆ ಬೇಕಾಗಲೂ ಇಲ್ಲ.